ಚಾರ್ಲಿ ಪ್ರೈಡ್ ಹಾಡಿದ್ದು ಯಾರ ಹಾಡು?

ಅಮೆರಿಕದ ಕಪ್ಪು ಜನರ ಹೆಸರುಗಳು ನಮಗೆ ಹೊಸವಲ್ಲ. ಮಾರ್ಟಿನ್ ಲೂಥರ್ ಕಿಂಗ್ ಗೊತ್ತು, ಮಾಲ್ಕಂ ಎಕ್ಸ್ ಗೊತ್ತು, ಪಾಲ್ ರೋಬ್ಸನ್ ಗೊತ್ತು. ಜೋತಿಬಾ ಫುಲೆಯವರು 1873ರಲ್ಲಿ ‘ಗುಲಾಮಗಿರಿ’ಯನ್ನು ಗುಲಾಮರ ಬಿಡುಗಡೆಗೆ ನಿಂತ ಅಮೆರಿಕದ ಜನಕ್ಕೆ ಅರ್ಪಿಸಿದರು. 1946ರಲ್ಲಿ ಬಾಬಾಸಾಹೇಬರು ಡು ಬಾಯ್ಸ್ ಅವರಿಗೆ ಕಾಗದ ಬರೆದು, ನಿಮ್ಮ ಜನರ ಸ್ಥಿತಿಗೂ ನಮ್ಮ ಜನರ ಸ್ಥಿತಿಗೂ ಬಹಳ ಹೋಲಿಕೆ ಇದೆ ಅಂದರು. 1966ರಲ್ಲಿ ಓಕ್ಲೆಂಡಿನಲ್ಲಿ ಬ್ಲ್ಯಾಕ್ ಪ್ಯಾಂಥರ್ ಹುಟ್ಟಿತು. 1972ರಲ್ಲಿ ಬೊಂಬಾಯಿಯಲ್ಲಿ ದಲಿತ ಪ್ಯಾಂಥರ್. ಈ ನಂಟು ನಮಗೆ ಪುಸ್ತಕ ಓದಿ ಬಂದದ್ದು, ಸಭೆಗಳಲ್ಲಿ ಕೂತು ಬಂದದ್ದು.

ಆದರೆ ಯಾವ ಸಭೆಯಲ್ಲೂ ಯಾರೂ ನಮಗೆ ಚಾರ್ಲಿ ಪ್ರೈಡ್ ಅನ್ನೋ ಹೆಸರು ಹೇಳಲಿಲ್ಲ. ಹೇಳದೆ ಇದ್ದದ್ದಕ್ಕೆ ಕಾರಣವೂ ಉಂಟು. ಆತ ಹೋರಾಟದ ಹಾಡು ಹಾಡಿದವನಲ್ಲ. ಮುಷ್ಟಿ ಎತ್ತಿದವನಲ್ಲ. ಬಿಳಿಯರದು ಅಂತ ಎಲ್ಲರೂ ಮುದ್ರೆ ಒತ್ತಿದ್ದ ಕಂಟ್ರಿ ಹಾಡನ್ನು ಬಿಳಿಯರ ಮುಂದೆಯೇ ನಿಂತು ಹಾಡಿದವನು. ಅಂಥವನ ಬಗ್ಗೆ ಈ ಪುಟಗಳಲ್ಲಿ ಬರೆಯೋದು ಯಾಕೆ ಅಂತ ಗೆಳೆಯರು ಕೇಳಬಹುದು. ಕೇಳಲಿ. ನಮಗೂ ಮೊದಲು ಬಂದ ಪ್ರಶ್ನೆ ಅದೇ.

1934ರ ಮಾರ್ಚ್ 18. ಮಿಸಿಸಿಪ್ಪಿ ರಾಜ್ಯದ ಸ್ಲೆಡ್ಜ್ ಅನ್ನೋ ಸಣ್ಣ ಊರು. ಮ್ಯಾಕ್ ಪ್ರೈಡ್ ಮತ್ತು ಟೆಸ್ಸಿಯ ಹನ್ನೊಂದು ಮಕ್ಕಳಲ್ಲಿ ಇವನು ನಾಲ್ಕನೆಯವನು. ಒಡೆಯನ ಹತ್ತಿ ಹೊಲವನ್ನು ವಾರಕ್ಕೆ ಗೇಯುವ ಮನೆ. ಆ ಸೀಮೆಯ ವಾರದ ಪದ್ಧತಿ ಹೀಗೆ: ಹೊಲ ಒಡೆಯನದು, ಬೀಜ ಒಡೆಯನದು, ಉಳುವ ಹೇಸರಗತ್ತೆ ಒಡೆಯನದು, ವರ್ಷವಿಡೀ ಹಿಟ್ಟು ಎಣ್ಣೆ ಸಾಲಕ್ಕೆ ಕೊಡುವ ಅಂಗಡಿಯ ಲೆಕ್ಕದ ಪುಸ್ತಕವೂ ಬಹಳ ಕಡೆ ಒಡೆಯನದೇ. ಗೇಯುವವನದು ಬೆನ್ನು ಮಾತ್ರ. ಬೆಳೆ ಬಂದ ಮೇಲೆ ಅರ್ಧ ಒಡೆಯನಿಗೆ. ಉಳಿದರ್ಧದಲ್ಲಿ ಸಾಲ ಮುರಿದುಕೊಂಡರೆ ಕೈಗೆ ಸಿಗೋದು ಚಿಲ್ಲರೆ; ಅದೂ ಇಲ್ಲದಿದ್ದರೆ ಮುಂದಿನ ವರ್ಷಕ್ಕೆ ಇನ್ನೊಂದಿಷ್ಟು ಸಾಲ. ಗುಲಾಮಗಿರಿ 1865ರಲ್ಲಿ ಕಾನೂನಿನಲ್ಲಿ ಸತ್ತಿತ್ತು. ಲೆಕ್ಕದ ಪುಸ್ತಕದಲ್ಲಿ ಸತ್ತಿರಲಿಲ್ಲ. ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಪ್ಪ ಇಡಬೇಕು ಅಂದುಕೊಂಡಿದ್ದ ಹೆಸರು ಚಾರ್ಲ್. ಜನನ ಪತ್ರ ಬರೆದವರ ಕೈತಪ್ಪಿನಿಂದ ಅದು ಚಾರ್ಲಿ ಆಯಿತು. ಆ ತಪ್ಪೇ ಕೊನೇ ತನಕ ಉಳೀತು. ಇದನ್ನು ಓದಿ ನಮಗೆ ನಗು ಬಂತು. ನಮ್ಮ ಕೇರಿಯಲ್ಲಿ ಅರ್ಧ ಜನ ಜೂನ್ ಒಂದನೇ ತಾರೀಕು ಹುಟ್ಟಿದವರು. ಅವ್ವನ ಹೊಟ್ಟೆಯಿಂದ ಯಾವತ್ತು ಬಂದರೋ ಏನೋ, ಶಾಲೆಯ ರಿಜಿಸ್ಟರಿನಲ್ಲಿ ಹುಟ್ಟಿದ್ದು ಆವತ್ತು.

ಮ್ಯಾಕ್ ಪ್ರೈಡ್ ಹತ್ತಿರ ಒಂದು ಫಿಲ್ಕೋ ರೇಡಿಯೋ ಇತ್ತು. ಶನಿವಾರ ರಾತ್ರಿ ನ್ಯಾಶ್‌ವಿಲ್ಲಿನ ‘ಗ್ರ್ಯಾಂಡ್ ಓಲ್ ಆಪ್ರಿ’ ಕಾರ್ಯಕ್ರಮಕ್ಕೆ ಅದರ ಮುಳ್ಳು ತಿರುಗಿಸುತ್ತಿದ್ದ. ಹೊಲದಿಂದ ಬಂದ ಮಕ್ಕಳು ಸುತ್ತ ಕೂತು ಕೇಳುತ್ತಿದ್ದರು. ರಾಯ್ ಏಕಫ್, ಅರ್ನೆಸ್ಟ್ ಟಬ್, ಆಮೇಲೆ ಹ್ಯಾಂಕ್ ವಿಲಿಯಮ್ಸ್. ಸಾಲ, ಹೆಂಡ, ಕೈಕೊಟ್ಟ ಹೆಂಗಸು, ದೂರ ಹೋಗೋ ರೈಲು, ಸತ್ತ ತಾಯಿ, ಕಾಪಾಡದ ದೇವರು. ಕಂಟ್ರಿ ಹಾಡಿನ ಸರಕೆಲ್ಲ ಇಷ್ಟೇ. ಚಾರ್ಲಿ ಆ ಧಾಟಿಗಳನ್ನು ಗಂಟಲಿಗೆ ಹಾಕಿಕೊಂಡ. ಹದಿನಾಲ್ಕನೇ ವಯಸ್ಸಿಗೆ ಸಿಯರ್ಸ್ ಕಂಪನಿಯ ಒಂದು ಗಿಟಾರು ಸಿಕ್ಕಿತು. ಮೇಷ್ಟ್ರಿಲ್ಲ, ಪಾಠವಿಲ್ಲ. ರೇಡಿಯೋ ಕೇಳಿ ಕೈ ಕೂಡಿಸಿದ. ಮನೆಯವರೇ ಕೇಳಿದರಂತೆ: ಅವರ ಹಾಡು ನೀನ್ಯಾಕೆ ಹಾಡ್ತೀಯ? ಇದು ನಂದೂ ಹೌದು ಅನ್ನೋದು ಅವನ ಉತ್ತರ.

ಈ ಉತ್ತರ ಹುಡುಗಾಟದ್ದಲ್ಲ, ಚರಿತ್ರೆ ಇರೋದೇ ಹಾಗೆ. ಕಂಟ್ರಿ ಹಾಡಿನ ಗುರುತು ಅಂತ ಹೇಳೋ ಬ್ಯಾಂಜೋ ವಾದ್ಯ ಆಫ್ರಿಕದಿಂದ ಹಿಡಿದು ತಂದ ಗುಲಾಮರ ಜೊತೆ ಬಂದದ್ದು. ಸೋರೆ ಬುರುಡೆಗೆ ಚರ್ಮ ಬಿಗಿದು ಅವರು ಕಟ್ಟಿಕೊಂಡ ವಾದ್ಯ. ಹ್ಯಾಂಕ್ ವಿಲಿಯಮ್ಸ್‌ಗೆ ಹುಡುಗನಾಗಿದ್ದಾಗ ಗಿಟಾರು ಹೇಳಿಕೊಟ್ಟದ್ದು ಅಲಬಾಮಾದ ಬೀದಿಗಳಲ್ಲಿ ಹಾಡುತ್ತಿದ್ದ ರೂಫಸ್ ಪೇನ್ ಅನ್ನೋ ಕಪ್ಪು ಮನುಷ್ಯ. ಬಡ ಬಿಳಿಯನೂ ಬಡ ಕಪ್ಪನೂ ಒಂದೇ ಬಿಸಿಲಿನಲ್ಲಿ ಗೇದವರು. ಒಬ್ಬರ ಪದ ಒಬ್ಬರಿಗೆ ಅಂಟಿಕೊಂಡಿತ್ತು. ಅದನ್ನು ಬೇರೆ ಬೇರೆ ಮಾಡಿದ್ದು ವ್ಯಾಪಾರ. 1920ರ ದಶಕದಲ್ಲಿ ಪ್ಲೇಟಿನ ಕಂಪನಿಗಳು ಎರಡು ಪಟ್ಟಿ ಮಾಡಿದವು. ಕಪ್ಪು ಜನ ಹಾಡಿದ್ದು ‘ರೇಸ್ ರೆಕಾರ್ಡು’, ಬಿಳಿಯ ಬಡವರು ಹಾಡಿದ್ದು ‘ಹಿಲ್‌ಬಿಲಿ ರೆಕಾರ್ಡು’. ಹಾಡಿಗೆ ಕೇರಿ ಬೇರೆ, ಊರು ಬೇರೆ. ಎರಡೂ ಕಡೆ ದುಡ್ಡು ಎಣಿಸಿದವರು ಮಾತ್ರ ಅದೇ ಕಂಪನಿಯವರು.

ಚಾರ್ಲಿಯ ಕಥೆಗೆ ಮುಂಚೆ ಇನ್ನೊಬ್ಬನ ಕಥೆ ಹೇಳಬೇಕು. ಡಿಫೋರ್ಡ್ ಬೈಲಿ. 1899ರಲ್ಲಿ ಟೆನೆಸ್ಸಿಯ ಹಳ್ಳಿಯಲ್ಲಿ ಹುಟ್ಟಿದವನು. ಮೂರನೇ ವಯಸ್ಸಿಗೆ ಪೋಲಿಯೋ ಬಡಿಯಿತು. ಮೈ ಬೆಳೆಯಲಿಲ್ಲ, ಬೆನ್ನು ಬಾಗಿತು. ಹಾಸಿಗೆಯಲ್ಲಿ ಮಲಗಿದ ಮಗುವಿನ ಕೈಗೆ ಒಂದು ಮೌತ್ ಆರ್ಗನ್ ಕೊಟ್ಟರು. ಆ ಮಗು ಬೆಳೆದು ರೈಲನ್ನೇ ಉಸಿರಲ್ಲಿ ಎಳೆದು ತಂದಿತು. ದೂರದಿಂದ ಬರೋ ರೈಲು, ಸೇತುವೆ ದಾಟೋ ರೈಲು, ಕೂಗಿ ಮರೆಯಾಗೋ ರೈಲು. 1927ರ ಡಿಸೆಂಬರಿನ ಒಂದು ರಾತ್ರಿ ನ್ಯಾಶ್‌ವಿಲ್ಲಿನ ಡಬ್ಲ್ಯುಎಸ್‌ಎಂ ರೇಡಿಯೋದಲ್ಲಿ ಅವನು ಆ ರೈಲು ನುಡಿಸಿ ಮುಗಿಸಿದ. ಅದೇ ಹೊತ್ತಿಗೆ ನಿರೂಪಕ ಜಾರ್ಜ್ ಹೇ ಮಾತಿನ ಭರದಲ್ಲಿ ಕಾರ್ಯಕ್ರಮಕ್ಕೆ ‘ಗ್ರ್ಯಾಂಡ್ ಓಲ್ ಆಪ್ರಿ’ ಅಂತ ಹೆಸರಿಟ್ಟ. ಅಂದರೆ ಕಂಟ್ರಿ ಹಾಡಿನ ಆ ದೊಡ್ಡ ದೇವಸ್ಥಾನಕ್ಕೆ ಹೆಸರಿಟ್ಟಾಗ ಗರ್ಭಗುಡಿಯಲ್ಲಿ ನಿಂತಿದ್ದವನು ಕಪ್ಪು ಮನುಷ್ಯ.

ಅವನ ಕಲೆ ಬೇಕಿತ್ತು, ಅವನು ಬೇಕಿರಲಿಲ್ಲ. ತಂಡದ ಜೊತೆ ಊರೂರು ತಿರುಗುವಾಗ ಬಿಳಿಯರು ಮಲಗುವ ಹೋಟೆಲಿನಲ್ಲಿ ಅವನಿಗೆ ಜಾಗವಿಲ್ಲ, ಅವರು ಉಣ್ಣುವ ಮೇಜಿನಲ್ಲಿ ಜಾಗವಿಲ್ಲ. 1941ರಲ್ಲಿ ರೇಡಿಯೋದವರಿಗೂ ಹಾಡಿನ ಹಕ್ಕಿನ ಸಂಘದವರಿಗೂ ಜಗಳ ಬಿತ್ತು. ಹಳೆಯ ಧಾಟಿಗಳನ್ನು ನುಡಿಸೋ ಹಾಗಿಲ್ಲ ಅಂದರು. ಜನಕ್ಕೆ ಬೇಕಾಗಿದ್ದದ್ದು ಆ ಧಾಟಿಗಳೇ. ಕೊನೆಗೆ ಅವನನ್ನು ಕಳಿಸಿಬಿಟ್ಟರು. ಹೊಸದು ಕಲಿಯದ ಸೋಮಾರಿ ಅಂತ ಹೇ ಆಮೇಲೆ ಬರೆದ. ಸೋಮಾರಿ! ಉಳ್ಳವರ ಬಾಯಲ್ಲಿ ಈ ಮಾತು ಕೇಳದ ದುಡಿಯುವ ಜಾತಿ ಲೋಕದಲ್ಲಿ ಯಾವುದಿದೆ? ಆ ‘ಸೋಮಾರಿ’ ಮುಂದೆ ನ್ಯಾಶ್‌ವಿಲ್ಲಿನಲ್ಲೇ ಶೂ ಪಾಲಿಶ್ ಅಂಗಡಿ ಇಟ್ಟುಕೊಂಡು ಹತ್ತಾರು ವರ್ಷ ಬೇರೆಯವರ ಬೂಟು ಉಜ್ಜಿದ. 1982ರಲ್ಲಿ ಸತ್ತ.

ಈ ಬಾಗಿಲಿನ ಕಡೆಗೇ ಚಾರ್ಲಿ ಪ್ರೈಡ್ ನಡೆದದ್ದು. ನೇರವಾಗಿ ನಡೆದದ್ದಲ್ಲ. ಹತ್ತಿ ಹೊಲದಿಂದ ತಪ್ಪಿಸಿಕೊಳ್ಳಲು ಅವನು ಮೊದಲು ಹಿಡಿದದ್ದು ಬೇಸ್‌ಬಾಲ್ ಚೆಂಡು. ಬಿಳಿಯರ ಲೀಗಿನಲ್ಲಿ ಜ್ಯಾಕಿ ರಾಬಿನ್‌ಸನ್ 1947ರಲ್ಲಿ ಆಡಿದ್ದ. ಆ ಸುದ್ದಿ ಹತ್ತಿ ಬಿಡಿಸೋ ಹುಡುಗರ ಕಿವಿಗೂ ಬಿದ್ದಿತ್ತು. ಚಾರ್ಲಿ ನೀಗ್ರೋ ಅಮೆರಿಕನ್ ಲೀಗಿನ ಮೆಂಫಿಸ್ ರೆಡ್ ಸಾಕ್ಸ್ ತಂಡಕ್ಕೆ ಚೆಂಡು ಎಸೆದ. ಆಮೇಲೆ ಲೂಯಿವಿಲ್ ಕ್ಲಿಪರ್ಸ್. ಆ ತಂಡಕ್ಕೆ ಓಡಾಡಲು ಬಸ್ಸಿರಲಿಲ್ಲ. 1954ರಲ್ಲಿ ಚಾರ್ಲಿಯನ್ನೂ ಜೆಸ್ಸಿ ಮಿಚೆಲ್ ಅನ್ನೋ ಇನ್ನೊಬ್ಬ ಆಟಗಾರನನ್ನೂ ಬರ್ಮಿಂಗ್‌ಹ್ಯಾಮ್ ತಂಡಕ್ಕೆ ಕೊಟ್ಟು ಬದಲಿಗೆ ಒಂದು ಬಸ್ಸು ತಗೊಂಡರು. ಇಬ್ಬರು ಆಳಿಗೆ ಒಂದು ಬಸ್ಸು. ಚಾರ್ಲಿ ಇದನ್ನು ನಗ್ತಾ ಹೇಳಿಕೊಂಡ. ನಾವು ಓದಿ ನಗಲಿಲ್ಲ. ಹರಾಜು ಕಟ್ಟೆ ಹೋಗಿ ಬರೀ ತೊಂಬತ್ತು ವರ್ಷ ಆಗಿತ್ತು.

1956ರಲ್ಲಿ ಸೈನ್ಯಕ್ಕೆ ಕರೆ ಬಂತು. ಅದೇ ವರ್ಷ ರೋಜೀನ್ ಜೊತೆ ಮದುವೆ. ಸೈನ್ಯದಿಂದ ಬಂದ ಮೇಲೆ 1960ರಲ್ಲಿ ಮೊಂಟಾನಾಕ್ಕೆ ಹೋದ. ಹೆಲೆನಾದ ಹತ್ತಿರ ಸೀಸದ ಅದಿರು ಕರಗಿಸೋ ಕಾರ್ಖಾನೆಯಲ್ಲಿ ಕೂಲಿ. ಬೆಂಕಿಯ ಮುಂದೆ ದುಡಿದು, ಕಾರ್ಖಾನೆಯ ಬೇಸ್‌ಬಾಲ್ ತಂಡಕ್ಕೆ ಆಡುತ್ತಿದ್ದ. ಆಟಕ್ಕೆ ಹತ್ತು ಡಾಲರ್, ಆಟಕ್ಕೆ ಮುಂಚೆ ಕಾಲು ಗಂಟೆ ಹಾಡಿದರೆ ಇನ್ನು ಹತ್ತು. ರಾತ್ರಿ ಕುಡುಕರ ಕ್ಲಬ್ಬುಗಳಲ್ಲಿ ಹಾಡು. ಅಲ್ಲೇ ರೆಡ್ ಫೋಲಿ, ರೆಡ್ ಸೊವೈನ್ ಅನ್ನೋ ಇಬ್ಬರು ಕಂಟ್ರಿ ಹಾಡುಗಾರರ ಕಿವಿಗೆ ಬಿದ್ದ. ನ್ಯಾಶ್‌ವಿಲ್ಲಿಗೆ ಹೋಗು ಅಂದರು. ದೊಡ್ಡ ಲೀಗಿನ ಆಟ ಕೈಗೆ ಹತ್ತಲಿಲ್ಲ. ನ್ಯೂಯಾರ್ಕ್ ಮೆಟ್ಸ್ ತಂಡದವರು ಬೇಡ ಅಂದರು. ಹಿಂತಿರುಗುವ ದಾರಿಯಲ್ಲಿ ನ್ಯಾಶ್‌ವಿಲ್ಲಿನಲ್ಲಿ ಇಳಿದ. ಜ್ಯಾಕ್ ಜಾನ್ಸನ್ ಅನ್ನುವವನು ಅವನ ಮ್ಯಾನೇಜರ್ ಆದ, ಜ್ಯಾಕ್ ಕ್ಲೆಮೆಂಟ್ ಹಾಡು ಮುದ್ರಿಸಿದ, ಆರ್‌ಸಿಎ ಕಂಪನಿಯ ಚೆಟ್ ಆಟ್ಕಿನ್ಸ್ ಒಪ್ಪಿಕೊಂಡ.

1966ರ ಮೊದಲಲ್ಲಿ ಮೊದಲ ಪ್ಲೇಟು ಬಂತು. ಪ್ಲೇಟಿನ ಮೇಲೆ ‘ಕಂಟ್ರಿ ಚಾರ್ಲಿ ಪ್ರೈಡ್’ ಅಂತ ಹೆಸರು. ರೇಡಿಯೋದವರಿಗೆ ಕಳಿಸಿದ ಪ್ಲೇಟಿನ ಜೊತೆ ಫೋಟೋ ಇರಲಿಲ್ಲ. ಬೇಕಂತಲೇ ಮುಚ್ಚಿಟ್ಟರು ಅಂತ ಜನ ಹೇಳ್ತಾರೆ. ಚಾರ್ಲಿ ಅದನ್ನು ಒಪ್ಪಲಿಲ್ಲ. ಹಾಡು ತನ್ನ ಪರವಾಗಿ ತಾನೇ ಮಾತಾಡಲಿ ಅಂತ ಕಂಪನಿಯವರು ಬಿಟ್ಟರು ಅಂದ. ಯಾವುದೇ ಇರಲಿ, ಆದದ್ದು ಇಷ್ಟು: ದನಿ ಮುಂದೆ ಹೋಯಿತು, ಮುಖ ಹಿಂದೆ ಉಳೀತು. ಊರಿಗೆ ಅವನ ಹಾಡು ಪ್ರವೇಶ ಮಾಡಿತು, ಮೈ ಹೊರಗೆ ನಿಂತಿತ್ತು.

ಆ ಮೈ ಒಂದು ದಿನ ಬೆಳಕಿಗೆ ಬರಲೇಬೇಕಿತ್ತು. 1966ರ ಕೊನೆಗೆ ಡೆಟ್ರಾಯಿಟಿನ ಒಲಿಂಪಿಯಾ ಕ್ರೀಡಾಂಗಣ. ಹತ್ತು ಸಾವಿರ ಜನ. ಹೆಸರು ಕೂಗಿದಾಗ ಚಪ್ಪಾಳೆ ಬಿತ್ತು. ಅವನು ವೇದಿಕೆಗೆ ಬಂದ. ಚಪ್ಪಾಳೆ ಸೋರಿಹೋಗಿ ಸಾವಿನಂಥ ಮೌನ. ಚಾರ್ಲಿ ಮೈಕು ಹಿಡಿದು ನಗುನಗುತ್ತಾ, ಬಿಸಿಲಿಗೆ ಕಾಯಮ್ಮಾಗಿ ಕಪ್ಪಾದ ಮೈ ಹೊತ್ತುಕೊಂಡು ನಿಮ್ಮ ಮುಂದೆ ಕಂಟ್ರಿ ಹಾಡೋದು ಸ್ವಲ್ಪ ವಿಚಿತ್ರ ಅಂತ ನನಗೂ ಗೊತ್ತು ಅನ್ನೋ ಅರ್ಥದ ಮಾತಾಡಿದ. ಜನ ನಕ್ಕರು. ಅವನು ಹಾಡಿದ. ಮತ್ತೆ ಚಪ್ಪಾಳೆ ಬಿತ್ತು. ಮುಂದೆ ಎಷ್ಟೋ ಊರುಗಳಲ್ಲಿ ಈ ಚಟಾಕಿ ಹಾರಿಸಿಯೇ ಅವನು ಹಾಡಿಗೆ ದಾರಿ ಮಾಡಿಕೊಂಡ.

ಈ ನಗೆ ಮಾತನ್ನು ನಾವು ಬಹಳ ದಿನ ತಲೆಯಲ್ಲಿ ಇಟ್ಟುಕೊಂಡು ತಿರುಗಿದೆವು. ತನ್ನ ಚರ್ಮವನ್ನು ತಾನೇ ತಮಾಷೆ ಮಾಡಿ ಎದುರಿಗಿರೋರ ಭಯ ಇಳಿಸಬೇಕಾದ ಸ್ಥಿತಿ ಎಂಥದು? ಹಾಸ್ಟೆಲಿನಲ್ಲಿ, ಆಫೀಸಿನಲ್ಲಿ, ಬಾಡಿಗೆ ಮನೆ ಕೇಳೋವಾಗ, ನಮ್ಮವರು ಎಷ್ಟು ಜನ ಇಂಥ ನಗೆ ನಗ್ತಾ ಇಲ್ಲ? ಅದು ಅಡ್ಡಬೀಳೋದು ಅಂತ ಒಬ್ಬರು ಹೇಳಬಹುದು, ಜಾಣತನ ಅಂತ ಇನ್ನೊಬ್ಬರು. ಕಲ್ಲು ಬೀಳುತ್ತೋ ಹೂ ಬೀಳುತ್ತೋ ಗೊತ್ತಿಲ್ಲದೆ ಹತ್ತು ಸಾವಿರ ಕಣ್ಣೆದುರು ಒಬ್ಬನೇ ನಿಂತವನ ಕಾಲಿನ ನಡುಕ ಇಬ್ಬರಿಗೂ ಗೊತ್ತಿಲ್ಲ.

1967ರ ಜನವರಿ 7ರಂದು ಅವನು ಆಪ್ರಿಯ ವೇದಿಕೆ ಹತ್ತಿದ. ಕರೆದು ಪರಿಚಯಿಸಿದ್ದು ಅಪ್ಪನ ರೇಡಿಯೋದಲ್ಲಿ ಕೇಳಿದ್ದ ಅದೇ ಅರ್ನೆಸ್ಟ್ ಟಬ್. ಡಿಫೋರ್ಡ್ ಬೈಲಿಯನ್ನು ಹೊರಗೆ ಕಳಿಸಿ 26 ವರ್ಷ ಆಗಿತ್ತು. ಆವತ್ತೂ ಡಿಫೋರ್ಡ್ ಅದೇ ಊರಿನಲ್ಲೇ ಇದ್ದ, ಬೂಟು ಪಾಲಿಶ್ ಮಾಡ್ತಾ.

ಮುಂದಿನದು ಎಲ್ಲರಿಗೂ ಸಿಗೋ ಲೆಕ್ಕ. 1969ರಲ್ಲಿ ಮೊದಲ ಸಲ ಅವನ ಹಾಡು ಬಿಲ್‌ಬೋರ್ಡ್ ಕಂಟ್ರಿ ಪಟ್ಟಿಯ ತುದಿಗೆ ಹೋಯಿತು. ಹೀಗೆ ತುದಿ ಮುಟ್ಟಿದ ಹಾಡುಗಳು ಒಟ್ಟು 29. 1971ರಲ್ಲಿ ‘ಕಿಸ್ ಆ್ಯನ್ ಏಂಜಲ್ ಗುಡ್ ಮಾರ್ನಿನ್’ ಬಂತು. ಅದೇ ವರ್ಷ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ಅವನನ್ನು ವರ್ಷದ ಕಲಾವಿದ ಅಂತ ಆರಿಸಿತು. ಆರ್‌ಸಿಎ ಕಂಪನಿಯಲ್ಲಿ ಎಲ್ವಿಸ್ ಪ್ರೆಸ್ಲಿಯ ನಂತರ ಅತಿ ಹೆಚ್ಚು ಮಾರಾಟವಾದವನು ಇವನು. 2000ದಲ್ಲಿ ಕಂಟ್ರಿ ಹಾಲ್ ಆಫ್ ಫೇಮ್‌ಗೆ ಹೋದ ಮೊದಲ ಕಪ್ಪು ಮನುಷ್ಯನೂ ಇವನೇ.

ಆದರೆ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಈ ಲೆಕ್ಕವಲ್ಲ. ಅವನು ಹಾಡಿದ್ದರಲ್ಲಿ ಬಹಳಷ್ಟು ಪ್ರೀತಿಯ ಹಾಡು. ಹೆಂಡತಿ, ಮನೆ, ಅಗಲಿಕೆ, ಬೆಳಗಿನ ಮುತ್ತು. ಇದರಲ್ಲಿ ಏನು ಬಂಡಾಯ ಅಂತ ಕೇಳೋರು 1955ನ್ನು ನೆನೆಸಿಕೊಳ್ಳಬೇಕು. ಆ ವರ್ಷದ ಆಗಸ್ಟಿನಲ್ಲಿ ಅದೇ ಮಿಸಿಸಿಪ್ಪಿಯ, ಅದೇ ಡೆಲ್ಟಾ ಸೀಮೆಯ ಮನಿ ಅನ್ನೋ ಹಳ್ಳಿಯಲ್ಲಿ ಎಮೆಟ್ ಟಿಲ್ ಅನ್ನೋ ಹದಿನಾಲ್ಕು ವರ್ಷದ ಹುಡುಗ ಅಂಗಡಿಯ ಬಿಳಿ ಹೆಂಗಸಿನ ಕಡೆ ಸಿಳ್ಳೆ ಹೊಡೆದ ಅಂತ ಆಪಾದನೆ ಹೊರಿಸಿ ರಾತ್ರೋರಾತ್ರಿ ಎಳೆದೊಯ್ದು ಕೊಂದು ನದಿಗೆ ಎಸೆದರು. ಕೊಂದವರನ್ನು ಬಿಳಿಯರೇ ತುಂಬಿದ್ದ ಜ್ಯೂರಿ ಬಿಟ್ಟು ಕಳಿಸಿತು. ಒಂದು ಸಿಳ್ಳೆಗೆ ಒಂದು ಹೆಣ. ಆಗ ಚಾರ್ಲಿಗೆ ಇಪ್ಪತ್ತೊಂದು. ಹನ್ನೊಂದು ವರ್ಷದ ಮೇಲೆ ಆ ಸೀಮೆಯ ಕಪ್ಪು ಗಂಡಸು ಬಿಳಿ ಗಂಡಸರು ಹೆಂಗಸರು ತುಂಬಿದ ಸಭೆಯಲ್ಲಿ ನಿಂತು ಪ್ರೀತಿಯ ಹಾಡು ಹಾಡಿದ. ಯಾವ ಗಂಟಲಿನಿಂದ, ಯಾರ ಮುಂದೆ, ಯಾವ ಹೆಣಗಳ ಮೇಲೆ ನಿಂತು ಹಾಡಿದ್ದು ಅಂತ ನೋಡದೆ ಹಾಡಿನ ಬೆಲೆ ಕಟ್ಟೋದು ಹೇಗೆ?

ಇದು ನಮ್ಮ ಮೈಗೆ ತಾಗಿದ ಮಾತು. ಪದವಿ ಮುಗಿಸಿದ ವರ್ಷ ಒಂದು ಕವಿಗೋಷ್ಠಿಗೆ ಕರೆದಿದ್ದರು. ನಮ್ಮ ಮನೆತನದಲ್ಲಿ ಡಿಗ್ರಿ ಕಾಗದ ಕಂಡದ್ದು ನಾವೇ ಮೊದಲು. ಮೈಕಿನ ಮುಂದೆ ನಿಂತದ್ದೂ ನಾವೇ ಮೊದಲು. ಓದಿದ್ದು ಒಬ್ಬ ಹುಡುಗಿಯ ಮೇಲೆ ಬರೆದ ಪದ್ಯ. ಕಾಲೇಜು ಬಸ್ಸಿನ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದವಳ ಮೇಲೆ. ಅಧ್ಯಕ್ಷರಾಗಿ ಕೂತಿದ್ದ ಹಿರಿಯರೊಬ್ಬರು ಮುಗುಳ್ನಕ್ಕು, “ನಿಮ್ಮಿಂದ ನಾವು ನಿರೀಕ್ಷೆ ಮಾಡಿದ್ದು ಇದಲ್ಲಪ್ಪ. ನಿಮ್ಮ ಅನುಭವ ಬರೀರಿ” ಅಂದರು. ನಮ್ಮ ಅನುಭವ ಅಂದರೆ ಯಾವುದು ಸ್ವಾಮಿ? ಹಸಿವು ನಮ್ಮದು, ಹುಡುಗಿ ನಮ್ಮದಲ್ಲವೆ? ಹೊರಗೆ ಟೀ ಅಂಗಡಿಯಲ್ಲಿ ನಮ್ಮವರೇ ಒಬ್ಬ ಅಣ್ಣ ಹೆಗಲ ಮೇಲೆ ಕೈ ಹಾಕಿ, “ಇದು ಪ್ರೀತಿ ಗೀತಿ ಬರೆಯೋ ಕಾಲ ಅಲ್ಲ ಕಣೋ ತಮ್ಮ” ಅಂದರು. ಅಣ್ಣನ ಮಾತಿನಲ್ಲಿ ನಂಜಿರಲಿಲ್ಲ, ದಣಿವಿತ್ತು. ಆದರೆ ಎರಡು ಕಡೆಯಿಂದಲೂ ಬಂದ ತೀರ್ಪು ಒಂದೇ: ನೋವು ನಿನ್ನ ಪಾಲು, ಚಂದಿರ ಬೇರೆಯವರ ಪಾಲು. ಇಲ್ಲೂ ವಾರದ ಲೆಕ್ಕ!

ಚಾರ್ಲಿಯನ್ನೂ ಹೀಗೇ ಕಾಡಿದರು. ಮೊದಲ ಬಣ್ಣದವ, ಮೊದಲ ನೀಗ್ರೋ, ಮೊದಲ ಕಪ್ಪು ಹಾಡುಗಾರ, ಮೊದಲ ಆಫ್ರಿಕನ್ ಅಮೆರಿಕನ್ ಆಗಿರೋದು ಹೇಗನ್ನಿಸುತ್ತೆ ಅಂತ ಕಾಲಕ್ಕೊಂದು ಹೆಸರು ಬದಲಾಯಿಸಿ ಅದೇ ಪ್ರಶ್ನೆ ಕೇಳಿದರಂತೆ. ನಾನು ಅದೇ ಚಾರ್ಲಿ ಅಂತ ಅವನು ಹೇಳಿಕೊಂಡು ಬಂದ. ಯಾರ ವಕ್ತಾರನಾಗಲೂ ಒಪ್ಪಲಿಲ್ಲ. ಈ ಹಟದ ಬೆಲೆಯನ್ನು ಮೈ ಕೊಟ್ಟಿತೋ ಮನಸ್ಸು ಕೊಟ್ಟಿತೋ ನಾವು ಹೇಳಲಾರೆವು. ಉನ್ಮಾದ ಮತ್ತು ಖಿನ್ನತೆಯ ಕಾಯಿಲೆ ತನಗಿದೆ, ಔಷಧಿ ತಗೊಳ್ತೀನಿ ಅಂತ 1994ರ ಆತ್ಮಕಥೆಯಲ್ಲಿ ತಾನೇ ಬರೆದುಕೊಂಡ. ನಗ್ತಾ ಇದ್ದ ಮುಖದ ಹಿಂದಿನ ಮಾತು ಅದು.

ಹಾಗಂತ ಅವನಿಗೆ ಆರತಿ ಎತ್ತಲು ನಾವು ಕೂತಿಲ್ಲ. ಅವನನ್ನು ತೋರಿಸಿ ನ್ಯಾಶ್‌ವಿಲ್ಲಿನವರು ತಮ್ಮ ಕೈ ತೊಳೆದುಕೊಂಡರು. ನೋಡಿ, ನಮ್ಮಲ್ಲಿ ಭೇದವಿಲ್ಲ, ಚಾರ್ಲಿ ಇಲ್ಲವೆ? 1969ರಲ್ಲಿ ಆಪ್ರಿಯಲ್ಲಿ ಹಾಡಿದ ಲಿಂಡಾ ಮಾರ್ಟೆಲ್ ಅನ್ನೋ ಕಪ್ಪು ಹೆಣ್ಣುಮಗಳು ಒಂದೇ ಒಂದು ಆಲ್ಬಮ್ ಮುಗಿಸಿ ಆ ಲೋಕದಿಂದ ಮರೆಯಾದಳು. ಚಾರ್ಲಿಯ ಹಾಡು ಕೊನೇ ಸಲ ಪಟ್ಟಿಯ ತುದಿ ಮುಟ್ಟಿದ್ದು 1983ರಲ್ಲಿ. ಅಲ್ಲಿಂದ ಇನ್ನೊಬ್ಬ ಕಪ್ಪು ಹಾಡುಗಾರ, ಡೇರಿಯಸ್ ರಕ್ಕರ್, ತಾನೊಬ್ಬನೇ ಹಾಡಿದ ಹಾಡಿನಿಂದ ಆ ಜಾಗಕ್ಕೆ ಬರಲು 2008 ಬೇಕಾಯಿತು. ಇಪ್ಪತ್ತೈದು ವರ್ಷ! ಹೆಣ್ಣಿಗೆ ಇನ್ನೂ ತಡ. ಬಿಯಾನ್ಸೆ ಅಲ್ಲಿಗೆ ಮುಟ್ಟಿದ್ದು 2024ರಲ್ಲಿ. ಒಬ್ಬನನ್ನು ಒಳಗೆ ಬಿಟ್ಟುಕೊಂಡು ಬಾಗಿಲು ಹಾಕೋದು ಹೇಗೆ ಅನ್ನೋದು ನಮಗೂ ಗೊತ್ತಿರೋ ವಿದ್ಯೆ. ತಪ್ಪು ಒಳಗೆ ಹೋದವನದಲ್ಲ, ಚಿಲಕ ಹಾಕಿದವರದು. ಈ ವ್ಯತ್ಯಾಸ ಮರೆತರೆ ನಾವು ನಮ್ಮವರನ್ನೇ ಹೊಡೆಯುತ್ತಾ ಕೂರಬೇಕಾಗುತ್ತೆ.

ಇನ್ನೊಂದು ಸಂಗತಿ. 1976ರ ನವೆಂಬರಿನಲ್ಲಿ ಅವನು ಐರ್ಲೆಂಡಿನ ಬೆಲ್‌ಫಾಸ್ಟಿಗೆ ಹೋಗಿ ಹಾಡಿದ. ಕ್ಯಾಥೊಲಿಕರೂ ಪ್ರಾಟೆಸ್ಟೆಂಟರೂ ಬಾಂಬು ಬಂದೂಕು ಹಿಡಿದು ಕೊಂದಾಡುತ್ತಿದ್ದ ಊರು. ಹಿಂದಿನ ವರ್ಷವಷ್ಟೇ ಮಯಾಮಿ ಶೋಬ್ಯಾಂಡ್ ಅನ್ನೋ ಹಾಡುಗಾರರ ತಂಡವನ್ನು ದಾರಿಯಲ್ಲಿ ತಡೆದು ಮೂವರನ್ನು ಕೊಂದಿದ್ದರು. ಹೊರಗಿನ ಕಲಾವಿದರು ಆ ಕಡೆ ತಲೆ ಹಾಕುತ್ತಿರಲಿಲ್ಲ. ಚಾರ್ಲಿ ಹೋದ. ರಿಟ್ಜ್ ಚಿತ್ರಮಂದಿರದಲ್ಲಿ ಎರಡು ಕಡೆಯವರೂ ಒಟ್ಟಿಗೆ ಕೂತು ಕೇಳಿದರು. ಅವನ ‘ಕ್ರಿಸ್ಟಲ್ ಶಾಂಡಲಿಯರ್ಸ್’ ಅಮೆರಿಕದಲ್ಲಿ ಅಷ್ಟೇನೂ ಮೆರೆಯದ ಹಾಡು. ಅಲ್ಲಿ ಎರಡೂ ಕೇರಿಯ ಹಾಡಾಯಿತು. ಮುಷ್ಟಿ ಎತ್ತದವನ ಎದೆಯಲ್ಲಿ ಧೈರ್ಯ ಇರಲಿಲ್ಲ ಅಂತ ಇನ್ನು ಯಾರು ಹೇಳ್ತಾರೆ?

ಅವನ ಹಾಡನ್ನು ಮೊಬೈಲಿನಲ್ಲಿ ನಮ್ಮವ್ವನಿಗೆ ಕೇಳಿಸಿದೆವು. ಕಳೆ ಕಿತ್ತು ಬಂದು ಜಗಲಿ ಮೇಲೆ ಕಾಲು ಚಾಚಿ ಕೂತಿದ್ದಳು. ಸ್ವಲ್ಪ ಹೊತ್ತು ಕೇಳಿ, “ಏನ್ಲಾ ಮಗ ಇದು, ಅಳ್ತಾವ್ನಾ ಹಾಡ್ತಾವ್ನಾ?” ಅಂದಳು. ಹತ್ತಿ ಬಿಡಿಸ್ತಿದ್ದವರ ಮಗ ಕಣವ್ವ, ಹೆಂಡ್ತಿ ಮೇಲಿನ ಪದ ಅಂದೆವು. “ಬಾಸೆ ತಿಳೀದು. ಗೇದೋನ ಗಂಟ್ಲು ಅಂತ ತಿಳೀತದೆ” ಅಂದಳು. ಆಮೇಲೆ, “ಹೆಂಡ್ತಿ ಮ್ಯಾಗೆ ಪದ ಯೋಳಿದ್ನಾ? ನಿಮ್ಮಪ್ಪ ಒಂದಿನಾನೂ ಯೋಳ್ನಿಲ್ಲ” ಅಂತ ನಕ್ಕು ಎದ್ದು ಒಲೆ ಕಡೆ ಹೋದಳು. ನಮ್ಮಪ್ಪನಿಗೆ ಪದ ಬರುತ್ತಿರಲಿಲ್ಲ ಅಂತಲ್ಲ. ಕತ್ತಲಾದ ಮೇಲೆ ಪದ ಹೇಳೋವಷ್ಟು ಉಸಿರನ್ನು ಗದ್ದೆ ಅವನಲ್ಲಿ ಉಳಿಸುತ್ತಿರಲಿಲ್ಲ.

ನಮ್ಮಿಂದ ಏನೇನು ಕಿತ್ತುಕೊಂಡರು ಅಂತ ಪಟ್ಟಿ ಮಾಡುವಾಗ ಭೂಮಿ ಬರೀತೀವಿ, ಅಕ್ಷರ ಬರೀತೀವಿ, ನೀರು ಬರೀತೀವಿ. ಬರೀಲೇಬೇಕು. ಅದೇ ಪಟ್ಟಿಯಲ್ಲಿ ಹೆಂಡತಿಗೆ ಹೇಳಲಾಗದೆ ಹೋದ ಪದವನ್ನೂ ಸೇರಿಸಬೇಕು. ಅದನ್ನು ಹಿಂದಕ್ಕೆ ಕೇಳೋದೂ ಹೋರಾಟವೇ. ಹೋರಾಟದ ಹಾಡು ಹಾಡೋರ ಸಾಲಿನಿಂದ ನಾವು ಎದ್ದು ಹೋಗ್ತಾ ಇಲ್ಲ. ಆ ಸಾಲಿನಲ್ಲಿ ಕೂತೇ ಇನ್ನೊಂದು ಪದಕ್ಕೂ ಜಾಗ ಕೇಳ್ತಾ ಇದ್ದೀವಿ.

2020ರ ನವೆಂಬರ್ 11ರಂದು ನ್ಯಾಶ್‌ವಿಲ್ಲಿನಲ್ಲಿ ಚಾರ್ಲಿಗೆ ಜೀವಮಾನ ಸಾಧನೆಯ ಪ್ರಶಸ್ತಿ ಕೊಟ್ಟರು. ಜಿಮ್ಮಿ ಆಲೆನ್ ಅನ್ನೋ ಕಪ್ಪು ಹುಡುಗನ ಜೊತೆ ನಿಂತು ತನ್ನ ಹಳೇ ಹಾಡು ಹಾಡಿದ. ಡಿಸೆಂಬರ್ 12ರಂದು ಡಲ್ಲಾಸಿನಲ್ಲಿ ಕೊರೊನಾದಿಂದ ತೀರಿಕೊಂಡ. 86 ವರ್ಷ. ಡಿಫೋರ್ಡ್ ಬೈಲಿಯ ಹೆಸರು ಹಾಲ್ ಆಫ್ ಫೇಮ್ ಸೇರಿದ್ದು 2005ರಲ್ಲಿ. ಆಪ್ರಿಯವರು ಅವನ ಮನೆಯವರ ಕ್ಷಮೆ ಕೇಳಿದ್ದು 2023ರಲ್ಲಿ. ಅಷ್ಟೊತ್ತಿಗೆ ಅವನು ಸತ್ತು 41 ವರ್ಷ.

ಹಾಡು ಯಾರದು ಅನ್ನೋ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು. ಬ್ಯಾಂಜೋ ಕಟ್ಟಿದವರದು, ರೈಲು ನುಡಿಸಿದವನದು, ಹತ್ತಿ ಬಿಡಿಸ್ತಾ ರೇಡಿಯೋ ಕೇಳಿದ ಹುಡುಗನದು. ಅದು ತಮ್ಮದೊಂದೇ ಅಂದವರು ಬೇಕಾದರೆ ಪಕ್ಕದಲ್ಲಿ ಕೂತು ಹಾಡಲಿ, ಜಾಗ ಇದೆ. ನಾವು ಮಾತ್ರ ಬಸ್ಸಿನ ಕಿಟಕಿಯ ಹುಡುಗಿಯ ಪದ್ಯವನ್ನು ಹರಿದು ಹಾಕೋದಿಲ್ಲ. ಮುಂದಿನ ಗೋಷ್ಠಿಗೆ ಕರೆದರೆ ಅದನ್ನೇ ಓದ್ತೀವಿ.